ಹನ್ನೊಂದು ಅರ್ಥ, ಎರಡು ಚೀಟಿ

ಶನಿವಾರ, ಸೆಪ್ಟೆಂಬರ್ ೬
ಮಧ್ಯಾಹ್ನ ಎರಡೂಕಾಲು. ಕಚೇರಿ, ನಾಲ್ಕನೆಯ ಮಹಡಿ. ರಜೆ, ನಾನೊಬ್ಬಳೇ ಇದ್ದೇನೆ. ಮೇಜಿನ ಮೇಲೆ ನೀನು ಕಳಿಸಿದ ಶಾಲೆಯ ಅರ್ಜಿ. ಅದರ ಪಕ್ಕದಲ್ಲಿ ಎರಡು ಹಳೆಯ ಚೀಟಿಗಳು.

ಮಗಳೇ,

ಅರ್ಜಿ ಬುಧವಾರವೇ ತಲುಪಿತು. ಎಲ್ಲವನ್ನೂ ನಿನ್ನ ದುಂಡನೆಯ ಅಕ್ಷರದಲ್ಲಿ, ಒಂದು ತಿದ್ದುಪಡಿಯೂ ಇಲ್ಲದೆ ತುಂಬಿದ್ದೀಯ. ‘ಮಗುವನ್ನು ಯಾರಿಗೆ ಒಪ್ಪಿಸಬಹುದು’ ಎಂಬಲ್ಲಿ ಮೂರು ಸಾಲು: ನೀನು, ಅಳಿಯಂದಿರು, ನಾನು. ಅದರ ಕೆಳಗೆ ‘ಯಾರಿಗೆ ಒಪ್ಪಿಸಬಾರದು’ ಎಂಬ ಚೌಕ. ಹೆಚ್ಚಿನ ತಾಯಂದಿರು ಅದನ್ನು ಖಾಲಿ ಬಿಡುತ್ತಾರೇನೋ. ನೀನು ‘ನನ್ನ ತಂದೆ’ ಎಂದು ಬರೆದಿದ್ದೀಯ. ಕಾರಣದ ಜಾಗದಲ್ಲಿ, ‘ಹಿಂದೆ ಮಗುವನ್ನು ಕರೆತರುವ ಹೊಣೆ ಹೊತ್ತು ಮರೆತಿದ್ದಾರೆ, ಅದರಿಂದ ಅಪಘಾತವಾಗಿದೆ’ ಎಂದಿದೆ. ಎಲ್ಲಕ್ಕಿಂತ ಕೆಳಗೆ, ‘ಮೇಲಿನ ವಿಷಯ ನನಗೆ ತಿಳಿದಂತೆ ಸತ್ಯ’ ಎಂಬ ಅಚ್ಚಾದ ಸಾಲು ಮತ್ತು ಕುಟುಂಬದ ಒಬ್ಬರ ಸಹಿಗೆ ಜಾಗ. ಅಲ್ಲಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಬಾಣದ ಗುರುತು ಹಾಕಿದ್ದೀಯ. ಜೊತೆಗೆ ಒಂದು ತುಂಡು ಕಾಗದ: “ಅಮ್ಮ, ಒಂದು ಸಹಿ ಹಾಕಿ ಕೊಟ್ಬಿಡು. ಸೋಮವಾರ ಎಂಟೂವರೆಗೆ ಶಾಲೇಲಿ ಇರ್ಬೇಕು. ಜಾಸ್ತಿ ಯೋಚನೆ ಮಾಡೋಕೆ ಹೋಗ್ಬೇಡ.”

ಮೂರು ದಿನದಿಂದ ಅದನ್ನೇ ಮಾಡುತ್ತಿದ್ದೇನೆ.

ಇದೆಲ್ಲ ಶುರುವಾದದ್ದು ನಿನ್ನ ಅಪ್ಪ ಬರೆದ ಕಾಗದದಿಂದ. ನಿನ್ನ ಮರಿಯ ತರಗತಿ ಹನ್ನೆರಡಕ್ಕೆ ಬಿಡುತ್ತದೆ, ನಿನ್ನ ಲ್ಯಾಬಿನ ಪಾಳಿ ಮುಗಿಯುವುದು ಎರಡಕ್ಕೆ. ಅವರ ಮನೆ ಶಾಲೆಯ ಹಿಂದಿನ ಬೀದಿಯಲ್ಲೇ ಇದೆ, ಈಗ ನಿವೃತ್ತರೂ ಆಗಿದ್ದಾರೆ, ಆ ಎರಡು ಗಂಟೆ ಮಗುವನ್ನು ತಾವು ಕರೆತಂದು ನೋಡಿಕೊಳ್ಳಬಹುದೇ ಎಂದು ಕೇಳಿದ್ದರು. ನೀನು ಅದನ್ನು ನನಗೆ ಫೋನಿನಲ್ಲಿ ಓದಿ ಹೇಳಿ ನಕ್ಕೆ. “ಇಪ್ಪತ್ತೈದು ವರ್ಷ ಲೇಟಾಗಿ ಹೊರಟಿದ್ದಾರೆ ನೋಡಮ್ಮ, ಗೇಟಿಗೆ ಬರೋಕೆ” ಎಂದೆ. ನಾನೂ ನಕ್ಕೆ. ಆ ನಗುವನ್ನು ಈಗ ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ.

ನಿನಗೆ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ, ಆಮೇಲೆ ಬಿಟ್ಟೆ. ಹೇಳದಿದ್ದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ.

ನಮ್ಮ ಇಂಗ್ಲಿಷ್-ಕನ್ನಡ ನಿಘಂಟಿನ ಎರಡನೆಯ ಮುದ್ರಣದ ಕರಡು ಬಂದಿದೆ. ನನ್ನ ಪಾಲಿಗೆ ಮೊದಲ ಮುದ್ರಣದಲ್ಲಿ ಬಂದಿದ್ದ ಅಕ್ಷರವೇ ಈ ಸಲವೂ ಬಂತು, ಅದರಲ್ಲಿ ‘ಪಿಕ್ ಅಪ್’ ಕೂಡ. ಎರಡು ಪುಟ್ಟ ಪದ ಸೇರಿ ಹನ್ನೊಂದು ಅರ್ಥ. ಬಿದ್ದದ್ದನ್ನು ಎತ್ತುವುದಕ್ಕೂ ಅದೇ, ಶಾಲೆಯಿಂದ ನೆಗಡಿ ಅಂಟಿಸಿಕೊಂಡು ಬರುವುದಕ್ಕೂ ಅದೇ. ಗಾಳಿ ಜೋರಾದರೂ ಅದೇ, ಕುಸಿದ ವ್ಯಾಪಾರ ಚೇತರಿಸಿಕೊಂಡರೂ ಅದೇ, ಪೊಲೀಸರು ಬೀದಿಯಿಂದ ಯಾರನ್ನಾದರೂ ಹಿಡಿದುಕೊಂಡು ಹೋದರೂ ಅದೇ. ಮೊದಲ ಮುದ್ರಣದ ದಿನಗಳಲ್ಲಿ ನಮ್ಮ ಬೆರಳಚ್ಚಿನವನು, “ಪಾಪ, ಈ ಇಂಗ್ಲಿಷಿನವರ ಮನೇಲಿ ಒಂದೇ ಪಾತ್ರೆ ಇರೋ ಹಾಗಿದೆ ಮೇಡಂ. ಅದರಲ್ಲೇ ನೀರು ಕಾಯಿಸ್ಬೇಕು, ಅದರಲ್ಲೇ ಅಡುಗೆ, ಅದರಲ್ಲೇ ಸ್ನಾನ” ಎನ್ನುತ್ತಿದ್ದ. ಯಾರೂ ಹೇಳಿಕೊಡದೆ ನೋಡಿ ನೋಡಿಯೇ ಏನಾದರೂ ಕಲಿಯುವುದು ಏಳನೆಯ ಅರ್ಥ. ಮರಿ ಎಡಗಾಲನ್ನು ನಿನ್ನ ಹಾಗೆ ತುಸು ಎಳೆದು ನಡೆಯುವುದನ್ನು ಕಲಿತಿದೆಯಲ್ಲ, ಆಟಕ್ಕೆ, ನೀನು ಗದರಿಸಿದೆಯಲ್ಲ, ಅದು.

ಆಗಿನ ಪ್ರಧಾನ ಸಂಪಾದಕರನ್ನು ನಾವೆಲ್ಲ ‘ದೊಡ್ಡವರು’ ಎಂದು ಕರೆಯುತ್ತಿದ್ದೆವು. ಅವರಿಗೆ ಎರಡು ಹಟ. ಒಂದು, ಉದಾಹರಣೆಯ ವಾಕ್ಯವನ್ನು ಯಾರೂ ಕುಳಿತು ಕಟ್ಟಕೂಡದು. ಯಾರೋ ಎಲ್ಲೋ ನಿಜವಾಗಿ ಆಡಿದ್ದಿರಬೇಕು, ಇಲ್ಲವೇ ಬರೆದದ್ದಿರಬೇಕು. ಅಂಥ ವಾಕ್ಯ ಕಿವಿಗೆ ಬಿದ್ದ ಕೂಡಲೇ ಅಂಗೈಯಗಲದ ಚೀಟಿಯಲ್ಲಿ ಬರೆಯಬೇಕು. ಮೇಲೆ ಪದ ಮತ್ತು ಅರ್ಥದ ಸಂಖ್ಯೆ, ನಡುವೆ ವಾಕ್ಯ, ಕೆಳಗೆ ತಾರೀಕು, ಕೇಳಿದ ಹೊತ್ತು, ಆಡಿದವರು ಯಾರು. ಹೆಸರು ಹಾಕುವಂತಿಲ್ಲ. ಗಂಡೋ ಹೆಣ್ಣೋ, ವಯಸ್ಸು, ಕಸುಬು, ಅಷ್ಟೇ. ನೀನು ಲ್ಯಾಬಿನಲ್ಲಿ ರಕ್ತದ ಮಾದರಿಯ ಕೊಳವೆಗಳ ಮೇಲೆ ತಾರೀಕು, ಹೊತ್ತು ಬರೆಯುತ್ತೀಯಲ್ಲ, ಹಾಗೆಯೇ. ಹೊತ್ತು ಇಲ್ಲದ ಚೀಟಿಯನ್ನು ಅವರು ಹರಿದು ಬುಟ್ಟಿಗೆ ಹಾಕುತ್ತಿದ್ದರು.

ಎರಡನೆಯ ಹಟ, ಮೌನದ ಹೊತ್ತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾರೂ ಮಾತಾಡಬಾರದು, ಫೋನ್ ಎತ್ತಬಾರದು. ಕರೆ ಬಂದರೆ ಕಿಟಕಿಯ ಪಕ್ಕದ ಆನ್ಸರಿಂಗ್ ಮಷೀನಿನ ಪೆಟ್ಟಿಗೆ ಅದನ್ನು ಟೇಪಿನಲ್ಲಿ ಹಿಡಿದಿಡುತ್ತಿತ್ತು. ನಾಲ್ಕು ಗಂಟೆಗೆ ಸರದಿಯವರು ಕುಳಿತು ಟೇಪನ್ನು ಮೊದಲಿನಿಂದ ಕೇಳಬೇಕು. ಯಾರಿಗೆ ಯಾವ ಸಂದೇಶ ಎಂದು ತಿಳಿಸುವುದು ಆಮೇಲೆ. ಮೊದಲ ಕೆಲಸ, ಅದರಲ್ಲಿ ನಮಗೆ ಬೇಕಾದ ವಾಕ್ಯವಿದ್ದರೆ ಚೀಟಿಗೆ ಇಳಿಸುವುದು. ಕಾಗದದ ವ್ಯಾಪಾರಿ, ಹಲ್ಲಿನ ಡಾಕ್ಟರ ಸಹಾಯಕಿ, ಬೆರಳಚ್ಚಿನವನ ಅತ್ತೆ, ಎಲ್ಲರ ಮಾತೂ ನಮ್ಮ ಪುಸ್ತಕದಲ್ಲಿದೆ. ಅವರಿಗೆ ಗೊತ್ತಿಲ್ಲ. ಸಂಜೆ ಟೇಪು ಅಳಿಸಿ ಮರುದಿನಕ್ಕೆ ಸಿದ್ಧ ಮಾಡುತ್ತಿದ್ದೆವು.

ಹೊರಗಿನವರಿಗೆ ಇದು ಹುಚ್ಚಾಗಿ ಕಾಣಬಹುದು. ನಮಗೆ ಅದು ಹೆಮ್ಮೆ. ಬೀದಿಯಲ್ಲಿ ಯಾರಾದರೂ ಜಗಳವಾಡುತ್ತಿದ್ದರೆ ಜಗಳ ಏತಕ್ಕೆ ಎಂದು ಕೇಳುವ ಮೊದಲು ನಮ್ಮ ಕೈ ಚೀಲದಲ್ಲಿ ಚೀಟಿ ಹುಡುಕುತ್ತಿತ್ತು.

ಈಗಿನ ಸಂಪಾದಕಿ ನಿನಗಿಂತ ಎರಡು ವರ್ಷ ಚಿಕ್ಕವಳು. ಕಳೆದ ಸೋಮವಾರ ಕರಡು ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. ಹನ್ನೊಂದು ಅರ್ಥಗಳ ಉದಾಹರಣೆಯನ್ನೂ ಮೂಲ ಚೀಟಿಯ ಜೊತೆ ತಾಳೆ ನೋಡಬೇಕು ಎಂದಳು. ಹೋಗುವಾಗ ಮೂರನೆಯ ಅರ್ಥದ ಮೇಲೆ ಬೆರಳಿಟ್ಟು, “ಇದೊಂದು ವಾಕ್ಯ ಓದಿದಾಗಿಂದ ಮನಸ್ಸಿಂದ ಹೋಗ್ತಾನೇ ಇಲ್ಲ. ಆ ಮಗು ಆಮೇಲೆ ಮನೆಗೆ ಹೋಯ್ತಾ ಮೇಡಂ?” ಎಂದು ಕೇಳಿದಳು. ಹೋಯಿತು ಎಂದೆ. ಆರು ವಾರದ ಮೇಲೆ ಎಂದು ಹೇಳಲಿಲ್ಲ.

ಮೂರನೆಯ ಅರ್ಥ, ಕಾಯುತ್ತಿರುವವರನ್ನು ಹೋಗಿ ಕರೆತರುವುದು. ಅದರ ಉದಾಹರಣೆ ಇಂಗ್ಲಿಷಿನಲ್ಲಿದೆ. ಪಕ್ಕದಲ್ಲಿ ಕನ್ನಡದಲ್ಲಿ ನಾನೇ ಕೊಟ್ಟದ್ದು ಹೀಗೆ: ‘ಪುಟ್ಟ ಹುಡುಗಿ ಇನ್ನೂ ಕಾಯುತ್ತಿದ್ದಾಳೆ, ಕರೆದುಕೊಂಡು ಹೋಗಲು ಯಾರೂ ಬಂದಿಲ್ಲ.’

ಹಳೆಯ ಚೀಟಿಗಳ ಪೆಟ್ಟಿಗೆಗಳು ಕೆಳಗಿನ ಉಗ್ರಾಣದಲ್ಲಿವೆ. ಮಂಗಳವಾರ ಇಳಿದು ಹೋಗಿ ತೆಗೆದೆ. ರಬ್ಬರ್ ಬ್ಯಾಂಡು ಮುಟ್ಟಿದರೆ ಪುಡಿಯಾಯಿತು. ಚೀಟಿ ಹಳದಿಯಾಗಿದೆ, ಅಕ್ಷರ ನನ್ನದೇ. ಕೆಳಗೆ: ‘ಗುರುವಾರ. ನಾಲ್ಕು ಹತ್ತು. ಟೇಪಿನಿಂದ. ಹೆಣ್ಣು, ಐವತ್ತರ ಆಸುಪಾಸು, ಶಾಲೆಯ ಗುಮಾಸ್ತೆ.’ ತಾರೀಕನ್ನು ನಾನು ಬರೆಯಬೇಕಾಗಿಲ್ಲ. ಪ್ರತಿ ವರ್ಷ ಆ ದಿನ ನೀನು ನನಗೆ ಫೋನ್ ಮಾಡಿ ಬೇರೇನೋ ಮಾತಾಡುತ್ತೀಯ.

ಆವತ್ತು ಟೇಪು ಕೇಳುವ ಸರದಿ ನನ್ನದಾಗಿತ್ತು. ನಿಮ್ಮ ಶಾಲೆ ಬಿಟ್ಟದ್ದು ಮೂರೂವರೆಗೆ. ಗುರುವಾರ ನಿನ್ನನ್ನು ಕರೆತರುವುದು ಅಪ್ಪನ ಪಾಲು, ಉಳಿದ ನಾಲ್ಕು ದಿನ ನನ್ನ ಪಾಲು, ಆ ದಿನಗಳಲ್ಲಿ ಮೂರೂಕಾಲಿಗೇ ಕಚೇರಿ ಬಿಡುತ್ತಿದ್ದೆ. ಶಾಲೆಯ ಆ ಹೆಂಗಸು ಕರೆ ಮಾಡಿದ್ದು ನಾಲ್ಕಕ್ಕೆ ಐದು ನಿಮಿಷವಿದ್ದಾಗ. ನಾನು ಅದನ್ನು ಕೇಳಿದ್ದು ನಾಲ್ಕು ಹತ್ತಕ್ಕೆ. ಎರಡನೆಯ ತರಗತಿಯ ಹುಡುಗಿ ಎಂದಳು, ನಿನ್ನ ಹೆಸರನ್ನೂ ಹೇಳಿದಳು. ಇಷ್ಟು ವರ್ಷ ನಿನಗೆ ಹೇಳಿದ್ದೇನು? ಆ ಸಂದೇಶ ನನಗೆ ಮುಟ್ಟಿದ್ದು ಎಲ್ಲ ಆದ ಮೇಲೆ ಎಂದು. ಅದು ಸುಳ್ಳು. ನಾನು ಅದನ್ನು ಎರಡು ಸಲ ಕೇಳಿದೆ. ಎರಡನೆಯ ಸಲ ಕೇಳಿದ್ದು ವಾಕ್ಯದಲ್ಲಿ ಒಂದಕ್ಷರವೂ ತಪ್ಪಬಾರದೆಂದು. ಮೂರನೆಯ ಅರ್ಥಕ್ಕೆ ವಾರದಿಂದ ಒಳ್ಳೆಯ ಉದಾಹರಣೆ ಸಿಕ್ಕಿರಲಿಲ್ಲ. ಅದು ಸಿಕ್ಕಿತು ಎಂಬ ಸಂತೋಷ ಮೊದಲು ಬಂತು, ಮಗಳೇ. ಅದು ನೀನು ಎಂಬುದು ಆಮೇಲೆ ಬಂತು. ನಡುವೆ ಎಷ್ಟು ಹೊತ್ತು ಹೋಯಿತೋ, ಒಂದು ಚೀಟಿ ಬರೆಯುವಷ್ಟು.

ಶಾಲೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಚೀಲ ತೆಗೆದುಕೊಂಡು ಓಡಿದೆ. ನೀನು ಗೇಟಿನ ಬಳಿಯ ಬೆಂಚಿನಿಂದ ಎದ್ದು, ಕಾವಲಿನವನು ಆ ಕಡೆ ತಿರುಗಿದಾಗ, ಅಪ್ಪ ಕೆಲಸ ಮಾಡುವ ಎತ್ತರದ ಕಟ್ಟಡದ ದಿಕ್ಕಿಗೆ ಹೊರಟಿದ್ದೆ. ಎರಡು ಬೀದಿ ದಾಟಿದೆ, ಮೂರನೆಯದರಲ್ಲಿ ಬೇಕರಿಯ ವ್ಯಾನು ಬಂತು. ನಾಲ್ಕು ಇಪ್ಪತ್ತು ಎಂದು ಪೊಲೀಸರ ಕಾಗದದಲ್ಲಿದೆ. ಕಚೇರಿಯಿಂದ ಶಾಲೆಗೆ ನನ್ನ ನಡಿಗೆಯಲ್ಲಿ ಹದಿನಾಲ್ಕು ನಿಮಿಷ. ಚೀಟಿ ಬರೆಯದೆ ನಾಲ್ಕು ಹತ್ತಕ್ಕೇ ಹೊರಟಿದ್ದರೂ ತಲುಪುತ್ತಿದ್ದದ್ದು ನಾಲ್ಕು ಇಪ್ಪತ್ನಾಲ್ಕಕ್ಕೆ. ಈ ಲೆಕ್ಕವನ್ನು ನಾನು ಎಷ್ಟು ಸಲ ಮಾಡಿದ್ದೇನೋ. ಪ್ರತಿ ಸಲವೂ ನಾಲ್ಕು ನಿಮಿಷ ತಡವಾಗಿಯೇ ತಲುಪುತ್ತೇನೆ. ಪ್ರತಿ ಸಲವೂ ಸ್ವಲ್ಪ ಹಗುರಾಗುತ್ತೇನೆ.

ಈಗ ನಿನ್ನ ಅಪ್ಪನ ವಿಷಯ.

ಅವರು ಆಸ್ಪತ್ರೆಗೆ ಬಂದದ್ದು ಆರು ಗಂಟೆಗೆ. ಕೈ ಮೊಣಕೈವರೆಗೂ ಗ್ರೀಸು. ಹತ್ತನೆಯ ಮತ್ತು ಹನ್ನೊಂದನೆಯ ಮಹಡಿಯ ನಡುವೆ ಅವರು ರಿಪೇರಿ ನೋಡಿಕೊಳ್ಳುತ್ತಿದ್ದ ಲಿಫ್ಟು ನಿಂತಿತ್ತಂತೆ, ಒಳಗೆ ಒಬ್ಬರು ವಯಸ್ಸಾದ ಹೆಂಗಸು, ಉಬ್ಬಸದವರು. ಅವರನ್ನು ಹೊರಗೆ ತೆಗೆಯುವವರೆಗೆ ಬಿಟ್ಟು ಬರುವಂತಿರಲಿಲ್ಲ. ನನ್ನನ್ನು ಕಂಡ ಕೂಡಲೇ ಕೇಳಿದ್ದು, “ನಾನು ಫೋನ್ ಮಾಡಿ ಹೇಳಿದ್ನಲ್ಲ ಮಷೀನಿಗೆ, ಕೇಳ್ಲಿಲ್ವಾ ನೀನು?” ಎಂದು. ಅಲ್ಲಿ ನನ್ನ ಅಮ್ಮ ಇದ್ದರು, ಡಾಕ್ಟರು ಇದ್ದರು, ನೀನು ಬಾಗಿಲಿನಾಚೆ ಅರೆಪ್ರಜ್ಞೆಯಲ್ಲಿದ್ದೆ. ನಾನು, “ಯಾವ ಮಾತೂ ಬಂದಿರಲಿಲ್ಲ” ಎಂದೆ.

“ಬಂದಿರಲಿಲ್ವಾ?”

“ಇಲ್ಲ ಅಂದ್ನಲ್ಲ.”

ಅವರು ನನ್ನನ್ನೇ ನೋಡಿದರು. ಕೋಪ ಮಾಡುತ್ತಾರೆ ಎಂದುಕೊಂಡೆ. ಅವರು ಬೆಂಚಿನ ಮೇಲೆ ಕುಳಿತು, ಬೆರಳು ಮಡಿಚುತ್ತಾ ಬಿಚ್ಚುತ್ತಾ, ನಮ್ಮ ಕಚೇರಿಯ ನಂಬರನ್ನು ತಮಗೆ ತಾವೇ ಹೇಳಿಕೊಂಡರು. ಕೊನೆಯ ಎರಡು ಅಂಕಿ ಅದಲು ಬದಲಾಗಿರಬೇಕು ಎಂದರು. “ಹಾಗಾದ್ರೆ ಬೇರೆ ಯಾರ ಮನೆಗೋ ಮಾಡಿದ್ನೇನೋ” ಎಂದರು. ಹಾಗೆ ನಾನು ಹೇಳಿದ್ದನ್ನು ನಂಬಿ, ತಾವು ಮಾಡಿದ್ದನ್ನು ಸಂಶಯಿಸಿದರು. ಅಮ್ಮ ಎಲ್ಲರ ಎದುರಿಗೇ ಅವರಿಗೆ ಅನ್ನಬಾರದ್ದನ್ನೆಲ್ಲ ಅಂದರು. ಅವರು ಆ ನಂಬರನ್ನೇ ಮತ್ತೆ ಹೇಳಿಕೊಳ್ಳುತ್ತಿದ್ದರು.

ಅವರ ಮಾತು ಅದೇ ಟೇಪಿನಲ್ಲಿತ್ತು. ಶಾಲೆಯವಳ ಮಾತಿಗಿಂತ ಮುಂಚೆ. ನಾಲ್ಕರ ನಂತರ ಟೇಪು ಹಾಕಿದಾಗ ಎರಡನ್ನೂ ಒಂದರ ಹಿಂದೆ ಒಂದು ಕೇಳಿದೆ. ನಿನ್ನ ಬಳಿಯಿಂದ ಮರುದಿನ ಬೆಳಿಗ್ಗೆ ಒಂದು ಗಂಟೆಯ ಮಟ್ಟಿಗೆ ಕಚೇರಿಗೆ ಹೋಗಿದ್ದೆ, ರಜೆ ಬರೆದುಕೊಡಲು ಎಂದು ಹೇಳಿ. ಟೇಪು ಹಾಗೇ ಇತ್ತು. ಅಳಿಸಿದೆ. ಅದು ಹೇಗೂ ನಿಯಮವೇ ಆಗಿತ್ತು, ಯಾರೂ ಏನೂ ಕೇಳಲಿಲ್ಲ.

ಎಂಟು ತಿಂಗಳಿಗೆ ಅವರು ಬೇರೆ ಮನೆ ಮಾಡಿದರು. ನಿನಗೆ ಒಂಬತ್ತು ವರ್ಷವಾದಾಗಲೇ ನೀನು ಅವರ ಜೊತೆ ಭಾನುವಾರದ ಭೇಟಿ ಬೇಡವೆಂದೆ. “ಅವರ ಜೊತೆ ಹೋದ್ರೆ ವಾಪಸ್ ಬರೋ ದಾರಿ ನಾನೇ ನೋಡ್ಕೋಬೇಕು” ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಅಷ್ಟು ಚಿಕ್ಕ ಬಾಯಲ್ಲಿ ಅಷ್ಟು ದೊಡ್ಡ ಮಾತು. ನಾನು ಗದರಿಸಬೇಕಿತ್ತು. ತಲೆ ಸವರಿದೆ.

ಕಳೆದ ತಿಂಗಳು ನಮ್ಮ ಕಟ್ಟಡದ ಲಿಫ್ಟು ಕೆಟ್ಟಿತ್ತು. ಮೂರನೆಯ ದಿನ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಅದರ ಬಾಗಿಲು ಕಳಚಿ ಗೋಡೆಗೆ ಒರಗಿಸಿದ್ದರು. ಒಬ್ಬರು ಮೊಣಕಾಲೂರಿ, ಬಾಗಿಲು ಸರಿಯುವ ಹಳಿಯನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು. ಬೆನ್ನು ನೋಡಿಯೇ ಗೊತ್ತಾಯಿತು. ಅದು ಅವರ ನೌಕರಿಯ ಕೊನೆಯ ವಾರವಂತೆ. ನಿನ್ನೆಯಷ್ಟೇ ಮಾತಾಡಿದವರ ಹಾಗೆ, “ನಾಲ್ಕು ಮಹಡೀನೂ ಹತ್ತಿ ಬಂದ್ಯಾ? ಇನ್ನರ್ಧ ಗಂಟೆ ಕೂತಿದ್ದಿದ್ರೆ ಆಗೋದು” ಎಂದರು. ನಾನು ನಿಂತೆ. ಅವರು ಒರೆಸುತ್ತಲೇ ಇದ್ದರು.

“ಹೊಸ ಮುದ್ರಣ ಬರ್ತಿದೆಯಂತೆ?”

ಹೌದು ಎಂದೆ.

“ನನ್ನ ಮಾತು ಇನ್ನೂ ಅಲ್ಲೇ ಇದೆಯಾ?”

ಯಾವ ಮಾತು ಎಂದು ಕೇಳಿದೆ. ಗೊತ್ತಿದ್ದೇ ಕೇಳಿದೆ. ಅವರು ಎದ್ದು ಬಟ್ಟೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, “ನಾನೂರ ಹನ್ನೆರಡನೇ ಪುಟ. ಐದನೇ ಅರ್ಥ” ಎಂದರು.

ಐದನೆಯದು ಫೋನ್ ಎತ್ತುವುದು. ಅದಕ್ಕೆ ಕನ್ನಡದಲ್ಲಿ ಜನ ನಿಜವಾಗಿ ಏನನ್ನುತ್ತಾರೆ ಎಂದು ತೋರಿಸಲು ಒಂದು ಆಡುಮಾತು ಬೇಕಿತ್ತು. ಅಲ್ಲಿ ಅಚ್ಚಾಗಿರುವುದು: ‘ಇದ್ರೆ ಎತ್ತೇ, ನಂಗೆ ಬರೋಕಾಗಲ್ಲ.’ ಅದು ಅವರದು. ಆ ಚೀಟಿಯನ್ನೂ ನಾನು ಬರೆದಿದ್ದೆ, ಚೀಟಿಗಳ ಪೆಟ್ಟಿಗೆಗೆ ಹಾಕಿದ್ದೆ, ಎರಡು ವರ್ಷದ ಮೇಲೆ ಅದು ಪುಸ್ತಕವಾಯಿತು. ಟೇಪು ಅಳಿಸಿದ ನನಗೆ ಚೀಟಿ ಹರಿಯಬೇಕೆಂದು ಹೊಳೆಯಲೇ ಇಲ್ಲ. ನಮ್ಮಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ. ಹೊತ್ತು ಬರೆದ ಚೀಟಿಯನ್ನು ಯಾರು ಹರಿಯುತ್ತಾರೆ?

ಪುಸ್ತಕ ಬಂದ ವರ್ಷವೇ ಅವರು ಅಂಗಡಿಯಲ್ಲಿ ಅದನ್ನು ತೆರೆದು ನೋಡಿದ್ದರಂತೆ. “ಆ ವರ್ಷ ಪೂರ್ತಿ ನೀನು ಅದೊಂದು ಪದದ ಮೇಲೇ ಕೂತಿದ್ದೆಯಲ್ಲ, ಏನ್ ಬರೆದಿದ್ದೀಯ ನೋಡೋಣ ಅಂತ ತೆಗೆದೆ. ನೋಡಿದ್ರೆ ನಾನೇ ಇದ್ದೀನಿ.” ತಪ್ಪು ನಂಬರಿಗೆ ಫೋನ್ ಮಾಡಿದೆ ಎಂದು ಎರಡು ವರ್ಷ ತಮ್ಮನ್ನೇ ಶಪಿಸಿಕೊಂಡಿದ್ದವರಿಗೆ ಅಂಗಡಿಯಲ್ಲಿ ನಿಂತ ಕಾಲಲ್ಲೇ ಗೊತ್ತಾಯಿತು, ಅವರ ಮಾತು ಬಂದಿತ್ತು, ನಾನು ಕೇಳಿದ್ದೆ ಎಂದು.

ಮಗಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕಳಚಿದ್ದ ಬಾಗಿಲನ್ನು ಹಳಿಗೆ ಕೂರಿಸಿ, ಲಿಫ್ಟಿನ ಗುಂಡಿಯನ್ನು ಎರಡು ಸಲ ಒತ್ತಿ ನೋಡಿ, “ಹೇಳಿ? ನನ್ನನ್ನ ಆಗ್ಲೇ ಬಿಟ್ಟಾಗಿತ್ತು ಅವಳು. ನಿನ್ನನ್ನೂ ಬಿಡಿಸಿ ನಾನೇನು ತಲೆ ಮೇಲೆ ಹೊತ್ಕೊಂಡು ಹೋಗ್ಲಾ?” ಎಂದರು. ಆಮೇಲೆ, “ತೆಗೀಬೇಡ ಅದನ್ನ. ಇರ್ಲಿ. ನಂಗೂ ಒಂದು ಜಾಗ ಇದ್ದ ಹಾಗಿರುತ್ತೆ” ಎಂದರು. ಲಿಫ್ಟು ಬಂತು. ಅವರು ಅದರಲ್ಲಿ ಇಳಿದು ಹೋದರು.

ಅದಾದ ಎರಡು ವಾರಕ್ಕೆ ನಿನಗೆ ಆ ಕಾಗದ ಬರೆದದ್ದು. ಅದರಲ್ಲಿ ನನ್ನ ಬಗ್ಗೆ ಒಂದು ಸಾಲೂ ಇರಲಿಲ್ಲವಲ್ಲ. ನೀನು ಓದುವಾಗ ಉಸಿರು ಹಿಡಿದು ಕಾದಿದ್ದೆ. ನಗು ಬಂದದ್ದು ಅದಕ್ಕೇ.

ಆದ್ದರಿಂದ ಅರ್ಜಿಗೆ ನಾನು ಸಹಿ ಹಾಕುವುದಿಲ್ಲ. ‘ನನಗೆ ತಿಳಿದಂತೆ ಸತ್ಯ’ ಎಂಬ ಸಾಲಿನ ಕೆಳಗೆ ನನ್ನ ಹೆಸರು ಬರುವಂತಿಲ್ಲ. ಬಾಯಲ್ಲಿ ಇಪ್ಪತ್ತೈದು ವರ್ಷ ಹೇಳಿದೆ. ಕಾಗದದ ಮೇಲೆ, ತಾರೀಕು ಹಾಕಿ, ಹೇಳಲಾರೆ. ಇದು ಹೆಚ್ಚುಗಾರಿಕೆಯಲ್ಲ ಎಂದು ನನಗೂ ಗೊತ್ತು. ಅರ್ಜಿ ಬಾರದಿದ್ದರೆ ಈ ಕಾಗದವೂ ಇರುತ್ತಿರಲಿಲ್ಲ.

ನಾಳೆ ಹತ್ತು ಗಂಟೆಗೆ ನಿನ್ನ ಮನೆಗೆ ಬರುತ್ತೇನೆ. ಅಳಿಯಂದಿರು ಮರಿಯನ್ನು ಈಜಿಗೆ ಕರೆದುಕೊಂಡು ಹೋಗುವ ಹೊತ್ತು ಅದು. ಇದನ್ನು ನಿನ್ನ ಕೈಗೇ ಕೊಟ್ಟು, ನೀನು ಓದಿ ಮುಗಿಸುವವರೆಗೆ ಅಡುಗೆಮನೆಯಲ್ಲಿ ಕುಳಿತಿರುತ್ತೇನೆ. ಎದ್ದು ಹೋಗು ಎಂದರೆ ಹೋಗುತ್ತೇನೆ. ಮಾತಾಡು ಎಂದರೆ ಮಾತಾಡುತ್ತೇನೆ. ಸೋಮವಾರ ಎಂಟೂವರೆಗೆ ಶಾಲೆಯ ಗುಮಾಸ್ತರ ಬಳಿ ಇನ್ನೊಂದು ಖಾಲಿ ಅರ್ಜಿ ಕೇಳು. ಅದರಲ್ಲಿ ಕೊಡಬಾರದವರ ಚೌಕಕ್ಕೆ ಏನು ಬರೆಯಬೇಕು, ಮೂರನೆಯ ಸಾಲಿನಲ್ಲಿ ನನ್ನ ಹೆಸರು ಉಳಿಯಬೇಕೋ ಬೇಡವೋ, ಅದು ನಿನ್ನದು. ಮರಿಯನ್ನು ನೋಡದೆ ನಾನು ಇರಬಲ್ಲೆನೇ ಎಂದು ಬೆಳಿಗ್ಗೆಯಿಂದ ಕೇಳಿಕೊಳ್ಳುತ್ತಿದ್ದೇನೆ. ಆದರೂ ಬರುತ್ತೇನೆ.

ಕರಡನ್ನು ಸಂಪಾದಕಿಯ ಮೇಜಿನ ಮೇಲೆ ಇಟ್ಟಾಗಿದೆ. ಎರಡು ವಾಕ್ಯವನ್ನೂ ಮುಟ್ಟಿಲ್ಲ.

ನಿನ್ನ ಅಪ್ಪ ಇಟ್ಟ ಮುದ್ದಿನ ಹೆಸರಿನಿಂದ ನಿನ್ನನ್ನು ಕರೆಯುವುದನ್ನು ನಾನು ಆಸ್ಪತ್ರೆಯಲ್ಲೇ ಬಿಟ್ಟೆ. ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಮಗುವನ್ನು ‘ಕಡ್ಡಿ’ ಎಂದು ಕರೆಯಲು ಬಾಯಿ ಬರಲಿಲ್ಲ. ಅವರು ಆ ಕಾಗದದಲ್ಲಿ ಹಾಗೆಯೇ ಕರೆದಿದ್ದರು, ನೀನು ಆ ಒಂದು ಪದವನ್ನು ಮಾತ್ರ ಫೋನಿನಲ್ಲಿ ಓದದೆ ದಾಟಿಸಿದೆ. ನನಗೆ ಕೇಳಿಸಿತು, ನೀನು ನಿಂತದ್ದು.

ನಿನ್ನ
ಅಮ್ಮ

ಮತ್ತೆ: ಲಕೋಟೆಯಲ್ಲಿ ಎರಡು ಚೀಟಿಯನ್ನೂ ಇಟ್ಟಿದ್ದೇನೆ. ನೀನು ಕೊಳವೆ ಕೈಗೆ ತೆಗೆದುಕೊಂಡರೆ ಮೊದಲು ನೋಡುವುದು ಹೊತ್ತನ್ನು. ಆದ್ದರಿಂದ ನೀನು ಕೇಳುವ ಮೊದಲೇ ಹೇಳುತ್ತೇನೆ. ಎರಡನೆಯ ಚೀಟಿಯ ಕೆಳಗೆ, ‘ಗಂಡು, ಮೂವತ್ತೈದು, ಲಿಫ್ಟ್ ರಿಪೇರಿ’ ಎಂಬುದರ ಪಕ್ಕದಲ್ಲಿ, ಇರುವುದು ಮೂರು ಗಂಟೆ ಐದು ನಿಮಿಷ. ನಾಲ್ಕರ ನಂತರ ಎರಡನ್ನೂ ಒಟ್ಟಿಗೆ ಕೇಳಿದೆ ಎಂದು ಮೇಲೆ ಬರೆದದ್ದು ನಿಜವಲ್ಲ. ಇವತ್ತು ಬೆಳಿಗ್ಗೆ ಬ್ಲೇಡು ಹಿಡಿದು ಆ ಮೂರನ್ನು ಕೆರೆಯಲು ಕುಳಿತಿದ್ದೆ. ಒಂದು ಮೂಲೆ ತೆಳುವಾಗಿದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ.

ಶಾಲೆ ಬಿಡಲು ಇಪ್ಪತ್ತೈದು ನಿಮಿಷವಿತ್ತು. ಕಿಟಕಿಯ ಬಳಿಯ ಆ ಪೆಟ್ಟಿಗೆ ನನ್ನ ಮೇಜಿನ ಪಕ್ಕದಲ್ಲೇ ಇತ್ತು, ಮಾತು ಟೇಪಿಗೆ ಇಳಿಯುವಾಗ ಸಣ್ಣಗೆ ಹೊರಗೂ ಕೇಳುತ್ತಿತ್ತು. “ಇದ್ರೆ ಎತ್ತೇ, ನಂಗೆ ಬರೋಕಾಗಲ್ಲ, ಇವತ್ತು ಕಡ್ಡೀನ ನೀನೇ ಕರ್ಕೊಂಡು ಬಾ. ಎತ್ತೇ.” ಹಿಂದಿನ ಗುರುವಾರ ಅವರು ಇಪ್ಪತ್ತು ನಿಮಿಷ ತಡವಾಗಿದ್ದರೆಂದು ಅಂದು ಬೆಳಿಗ್ಗೆ ಜಗಳವಾಗಿತ್ತು. ವಾರಕ್ಕೆ ಒಂದು ದಿನವೂ ನಿಮ್ಮ ಕೈಲಾಗುವುದಿಲ್ಲವೇ ಎಂದು ಕೇಳಿದ್ದೆ. ಇವತ್ತು ನಾನು ಎತ್ತಿದರೆ ಇನ್ನು ಮೇಲೆ ಗುರುವಾರವೂ ನನ್ನದೇ ಆಗುತ್ತದೆ ಎಂದುಕೊಂಡೆ. ಎತ್ತದಿದ್ದರೆ ಹೇಗಾದರೂ ಮಾಡಿ ಬಂದೇ ಬರುತ್ತಾರೆ ಎಂದುಕೊಂಡೆ. ಮೌನದ ಹೊತ್ತಿನ ನಿಯಮ ನನಗೆ ಅನುಕೂಲವಾಗಿ ಬಂತು. ಅವರಿಗೂ ಇದು ಗೊತ್ತಿಲ್ಲ. ಪುಸ್ತಕದಲ್ಲಿ ಹೊತ್ತು ಅಚ್ಚಾಗುವುದಿಲ್ಲ.

ಅವರು ಎರಡನೆಯ ಸಲ ‘ಎತ್ತೇ’ ಎಂದಾಗ ನನ್ನ ಎಡಗೈ ರಿಸೀವರಿನ ಮೇಲಿತ್ತು. ಬಲಗೈಯಲ್ಲಿ ಚೀಟಿ ಬರೆಯುತ್ತಿದ್ದೆ.